ಬಜೆಟ್ 'ಸರಿದೂಗಿಸು', ತೆರಿಗೆ 'ಹೇರು': ಪ್ರಶ್ನೆಯಲ್ಲೇ ಉತ್ತರ ನುಸುಳದ ಹಾಗೆ ಬರೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ,

ಒಂದು ಅನುವಾದದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ, ಬಲ್ಲವರು ಸ್ವಲ್ಪ ಕೈ ಹಿಡಿಯಬೇಕು. ಬರಹ ಅಮೆರಿಕದ ರಾಜ್ಯಗಳ ತೆರಿಗೆ ಮತ್ತು ಬಜೆಟ್ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ಅದರ ಬಗ್ಗೆ ಅಲ್ಲಿನ ಜನ ಏನು ಹೇಳುತ್ತಾರೆ ಅನ್ನುವುದರ ಬಗ್ಗೆ. ವಿಷಯ ಅಷ್ಟೇನೂ ಕಷ್ಟವಿಲ್ಲ. ಪದಗಳೇ ಕಾಟ ಕೊಡುತ್ತಿವೆ.

ಇಂಥ ಸಮೀಕ್ಷೆಗಳಲ್ಲಿ ಒಂದು ಮಾಮೂಲಿ ಪ್ರಶ್ನೆ ಇರುತ್ತದೆ. ನಾನು ಮೊದಲು ಅದನ್ನು ಹೀಗೆ ಬರೆದಿದ್ದೆ: "ಬಜೆಟ್ ಸರಿದೂಗಿಸಲು ಸರ್ಕಾರ ಏನು ಮಾಡಬೇಕು? ಹೆಚ್ಚು ತೆರಿಗೆ ಹೇರಬೇಕೇ, ಖರ್ಚು ಕಡಿಮೆ ಮಾಡಬೇಕೇ, ಎರಡನ್ನೂ ಅಷ್ಟಷ್ಟು ಮಾಡಬೇಕೇ?" ಗೆಳೆಯರೊಬ್ಬರಿಗೆ ಓದಿ ಹೇಳಿದೆ. ಅವರು ನಕ್ಕು, "ಪ್ರಶ್ನೆ ಯಾಕೆ ಕೇಳ್ತೀಯ, ಉತ್ತರ ನೀನೇ ಬರೆದುಬಿಟ್ಟಿದ್ದೀಯಲ್ಲ" ಅಂದರು. ಆಮೇಲೆ ಕೂತು ನೋಡಿದರೆ ಅವರು ಹೇಳಿದ್ದು ನಿಜ.

'ಹೇರು' ತಗೊಳ್ಳಿ. ಎತ್ತಿನ ಮೇಲೆ ಮೂಟೆ ಹೇರುತ್ತೇವೆ. ಅಭಿಪ್ರಾಯ ಹೇರುತ್ತಾರೆ, ನಿರ್ಬಂಧ ಹೇರುತ್ತಾರೆ. ಒಳ್ಳೆಯದನ್ನು ಯಾರಾದರೂ ಹೇರಿದ್ದು ಕೇಳಿದ್ದೀರಾ? ನಮ್ಮ ಪತ್ರಿಕೆಗಳಲ್ಲಿ ತೆರಿಗೆಗೆ ಈ ಕ್ರಿಯಾಪದ ಎಷ್ಟು ಅಂಟಿಕೊಂಡಿದೆ ಅಂದರೆ ಬರೆಯುವಾಗ ಅದರ ಭಾರ ಗೊತ್ತೇ ಆಗುವುದಿಲ್ಲ. 'ಖರ್ಚು ಕಡಿಮೆ ಮಾಡು' ಅನ್ನುವುದು ಮಾತ್ರ ಮನೆಯ ಹಿರಿಯರು ಹೇಳುವ ಬುದ್ಧಿಮಾತಿನ ಹಾಗಿದೆ. ಒಂದು ಕಡೆ ಮೂಟೆ, ಇನ್ನೊಂದು ಕಡೆ ಬುದ್ಧಿಮಾತು. ಯಾರು ತಾನೇ ಮೂಟೆ ಆರಿಸಿಕೊಳ್ಳುತ್ತಾರೆ? ಸರಿ, 'ವಿಧಿಸು' ಹಾಕೋಣ ಅಂದರೆ ಅದು ದಂಡ ಮತ್ತು ಶಿಕ್ಷೆಯ ಜೊತೆ ಓಡಾಡುವ ಪದ. 'ಹಾಕು' ಆಡುಮಾತಿಗೆ ಸರಿ. ಕೊನೆಗೆ 'ಹೆಚ್ಚಿಸು' ಅಥವಾ 'ಏರಿಸು' ಉಳಿಯುತ್ತದೆ. ಇವೆರಡರಲ್ಲಿ ನನಗೆ 'ಹೆಚ್ಚಿಸು' ಇಷ್ಟ, ಯಾಕಂದರೆ 'ಏರಿಸು' ಅಂದಕೂಡಲೇ 'ಬೆಲೆ ಏರಿಕೆ' ಅನ್ನುವ ತಲೆಬರಹ ಕಣ್ಣಿಗೆ ಬರುತ್ತದೆ.

ಹಾಗೆ ನೋಡಿದರೆ 'ತೆರಿಗೆ' ಅನ್ನುವ ಪದವೇ ಅಷ್ಟು ಮುಗ್ಧವಲ್ಲ. 'ತೆರು' ಅನ್ನುವುದರಿಂದ ಬಂದದ್ದು. ಇವತ್ತು ನಾವು 'ತೆರು' ಎಲ್ಲೆಲ್ಲಿ ಬಳಸುತ್ತೇವೆ? ದಂಡ ತೆತ್ತರು, ಭಾರಿ ಬೆಲೆ ತೆತ್ತರು, ಪ್ರಾಣ ತೆತ್ತರು. ಎಲ್ಲವೂ ನೋವಿನ ಕೊಡುವಿಕೆ. 'ಸುಂಕ' ಸಂಸ್ಕೃತದ ಶುಲ್ಕದ ತದ್ಭವ, ಆದರೆ ಅಣ್ಣ ಶುಲ್ಕ ಮರ್ಯಾದಸ್ಥನಾಗಿ ಕಾಲೇಜು, ಅರ್ಜಿ, ಪರೀಕ್ಷೆ ಅಂತ ಓಡಾಡಿಕೊಂಡಿದ್ದಾನೆ, ತಮ್ಮ ಸುಂಕ ಮಾತ್ರ 'ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ' ಅಂತ ಗಾದೆಯಲ್ಲಿ ಸಿಕ್ಕಿಬಿದ್ದು ಹೆಸರು ಕೆಡಿಸಿಕೊಂಡಿದ್ದಾನೆ. 'ಕಂದಾಯ' ಒಂದು ಕಾಲಕ್ಕೆ ಅಗಲವಾದ ಪದ, ಈಗ ಬಹುತೇಕ ಜಮೀನು ಮತ್ತು ಮನೆಗೆ ಇಳಿದುಬಿಟ್ಟಿದೆ. ಇರಲಿ. ಪದಗಳಿಗೆ ಅಂಟಿದ ಮಸಿ ನಾನು ತೊಳೆಯಲಾರೆ. ಕಡೇಪಕ್ಷ ಕ್ರಿಯಾಪದವನ್ನಾದರೂ ಆರಿಸಿಕೊಳ್ಳಬಹುದಲ್ಲ. ಕೊಡುವವರ ಕಡೆಯಿಂದ ಹೇಳುವಾಗ 'ತೆರು' ಬಿಟ್ಟು 'ಕಟ್ಟು' ಅಂತಲೇ ಬರೆಯುತ್ತಿದ್ದೇನೆ. ಫೀಸು ಕಟ್ಟುತ್ತೇವೆ, ಬಿಲ್ಲು ಕಟ್ಟುತ್ತೇವೆ, ತೆರಿಗೆಯನ್ನೂ ಕಟ್ಟುತ್ತೇವೆ.

ಈಗ ದೊಡ್ಡ ತಲೆನೋವು, 'ಸರಿದೂಗಿಸು'. ಒಳಗಿರುವುದು 'ತೂಗು', ಅಂದರೆ ತಕ್ಕಡಿಯ ಎರಡು ತಟ್ಟೆ ಸಮ ಆಗುವ ಚಿತ್ರ. ಒಳ್ಳೆಯ ಪದ ಅಂದುಕೊಂಡಿದ್ದೆ. ಆದರೆ ದಿನದ ಮಾತಿನಲ್ಲಿ ಅದು ಬೇರೆ ಕಡೆಗೆ ಜಾರಿದೆ. "ಈ ತಿಂಗಳು ಹೇಗೋ ಸರಿದೂಗಿಸಿದೆ" ಅಂದರೆ ಅಲ್ಲಿಂದ ಇಲ್ಲಿಂದ ಕೈಗಡ ತಂದು ದಾಟಿಸಿದೆ ಅಂತ. "ನಷ್ಟ ಸರಿದೂಗಿಸಿದ" ಅಂದರೆ ಒಂದು ಕಡೆ ಹೋದದ್ದನ್ನು ಇನ್ನೊಂದು ಕಡೆ ತುಂಬಿಸಿಕೊಂಡ ಅಂತ. ನನ್ನ ಬರಹದಲ್ಲಿ ಬೇಕಾಗಿರುವುದು ಇದಲ್ಲ. ಅಮೆರಿಕದ ರಾಜ್ಯಗಳಲ್ಲಿ ಹೆಚ್ಚುಕಡಿಮೆ ಎಲ್ಲಕ್ಕೂ ಬಜೆಟ್ ಸಮ ಇರಬೇಕು ಅನ್ನುವ ಕಟ್ಟುಪಾಡು ಒಂದಲ್ಲ ಒಂದು ರೂಪದಲ್ಲಿ ಇದೆ, ವರ್ಮಾಂಟ್ ಒಂದನ್ನು ಬಿಟ್ಟು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಅಲ್ಲಿನ ಕೇಂದ್ರ ಸರ್ಕಾರಕ್ಕೆ ಅಂಥ ಕಟ್ಟು ಇಲ್ಲ, ಅದು ವರ್ಷ ವರ್ಷ ಸಾಲ ಮಾಡಿ ಖರ್ಚು ನಡೆಸಬಹುದು. ರಾಜ್ಯಗಳು ರಸ್ತೆ, ಕಟ್ಟಡಕ್ಕೆ ಸಾಲ ಎತ್ತುತ್ತವೆ, ಆದರೆ ದಿನದ ಖರ್ಚನ್ನು ಬರುವ ಹಣದಲ್ಲೇ ಮುಗಿಸಬೇಕು ಅನ್ನುವುದು ನಿಯಮದ ತಿರುಳು. ಅಂದರೆ ಕನ್ನಡದ 'ಸರಿದೂಗಿಸು' ಯಾವ ಕೈಗಡಕ್ಕೆ ಕಣ್ಣು ಮುಚ್ಚಿಕೊಳ್ಳುತ್ತದೋ ಅದನ್ನೇ ಅಲ್ಲಿ ಬೇಡ ಅಂದಿರುವುದು!

'ಸಮತೋಲನದ ಬಜೆಟ್' ಅಂದರೆ ಪಠ್ಯಪುಸ್ತಕದ ವಾಸನೆ, ಮೇಲಾಗಿ 'ಸಮತೋಲನ ಆಹಾರ'ದ ನೆನಪು, ಎಲ್ಲ ಇಲಾಖೆಗೂ ಸ್ವಲ್ಪ ಸ್ವಲ್ಪ ಬಡಿಸಿದ್ದಾರೆ ಅನ್ನುವ ಅರ್ಥ ಬರಬಹುದು. 'ಸರಿತೂಕದ ಬಜೆಟ್' ಅಂತ ಪ್ರಯತ್ನಿಸಿದೆ. ಕಿವಿಗೆ ಚೆನ್ನಾಗಿದೆ, ಆದರೆ ಓದುವವರಿಗೆ ತಕ್ಷಣ ಹೊಳೆಯುತ್ತದಾ? ಸದ್ಯಕ್ಕೆ ಮೊದಲ ಸಲ ಬಂದಾಗ 'ಬರುವಷ್ಟರಲ್ಲೇ ಖರ್ಚು ಮುಗಿಸುವ ಬಜೆಟ್' ಅಂತ ಬಿಡಿಸಿ ಹೇಳಿ, ಆಮೇಲೆ 'ಸರಿತೂಕದ ಬಜೆಟ್' ಅಂತ ಬಳಸುತ್ತಿದ್ದೇನೆ.

'ಹಾಸಿಗೆ ಇದ್ದಷ್ಟು ಕಾಲು ಚಾಚು' ಅಂತ ಗಾದೆ ಇದೆಯಲ್ಲ, ಅದನ್ನೇ ಹಾಕಿಬಿಡಿ ಅಂತ ಯಾರಾದರೂ ಹೇಳುತ್ತೀರಿ ಅಂತ ಗೊತ್ತು. ನಾನೂ ಹಾಕಿದ್ದೆ, ಆಮೇಲೆ ತೆಗೆದೆ. ಆ ಗಾದೆ ಕಾಲು ಮಡಚು ಅನ್ನುತ್ತದೆಯೇ ಹೊರತು ಹಾಸಿಗೆ ಉದ್ದ ಮಾಡು ಅಂತ ಎಂದೂ ಹೇಳುವುದಿಲ್ಲ. ತೆರಿಗೆ ಹೆಚ್ಚಿಸುವುದು ಅಂದರೆ ಹಾಸಿಗೆ ಉದ್ದ ಮಾಡುವುದೇ ಅಲ್ವಾ? ಗಾದೆ ಮೊದಲೇ ಖರ್ಚು ಕಡಿತದ ಪರ ವೋಟು ಹಾಕಿ ಕೂತಿದೆ.

ಕೊರತೆ, ಉಳಿತಾಯದ ಕತೆಯೂ ಇಷ್ಟೆ. ನಗರಸಭೆ, ಪುರಸಭೆಯ ಸುದ್ದಿಗಳಲ್ಲಿ 'ಉಳಿತಾಯ ಬಜೆಟ್' ಅಂತ ಬರುತ್ತದೆ. ಖರ್ಚಾಗದೆ ಮಿಕ್ಕಿದ್ದಕ್ಕೆ 'ಉಳಿತಾಯ' ಅನ್ನುವ ಮೆಚ್ಚುಗೆಯ ಹೆಸರು, ಅದು ಮಾಡಬೇಕಾದ ಕೆಲಸ ಮಾಡದೆ ಮಿಕ್ಕಿದ ದುಡ್ಡು ಇರಬಹುದು ಅನ್ನುವ ಅನುಮಾನವೇ ಏಳುವುದಿಲ್ಲ. ನಾನು 'ಮಿಗತೆ' ಬಳಸುತ್ತೇನೆ, ಹೊಗಳಿಕೆಯೂ ಇಲ್ಲ ಬೈಗುಳವೂ ಇಲ್ಲ. 'ಖೋತಾ ಬಜೆಟ್' ಬೇಡ, 'ಸಂಬಳ ಖೋತಾ' ನೆನಪಾಗುತ್ತದೆ. 'ಕೊರತೆ' ಸಾಕು, ಆದರೆ ಒಂದು ವರ್ಷದ ಕೊರತೆ ಬೇರೆ, ವರ್ಷಗಟ್ಟಲೆ ಗುಡ್ಡೆಯಾದ ಸಾಲ ಬೇರೆ ಅನ್ನುವುದನ್ನು ಒಂದು ಸಾಲಿನಲ್ಲಿ ಹೇಳಲೇಬೇಕು. ಎರಡನ್ನೂ ಒಂದೇ ಅಂದುಕೊಂಡು ವಾದ ಮಾಡುವವರು ಬೇಕಾದಷ್ಟಿದ್ದಾರೆ.

ಈಗ ನನ್ನನ್ನು ಎರಡು ದಿನ ನಿದ್ದೆಗೆಡಿಸಿದ ವಾಕ್ಯ. ಕೊಲರಾಡೋ ರಾಜ್ಯದ ಮತದಾರರು 1992ರಲ್ಲಿ ತಮ್ಮ ರಾಜ್ಯದ ಸಂವಿಧಾನಕ್ಕೆ ಒಂದು ತಿದ್ದುಪಡಿ ಸೇರಿಸಿದರು. ಅಂದಿನಿಂದ ತೆರಿಗೆ ಹೆಚ್ಚಿಸಬೇಕಾದರೆ ಶಾಸನಸಭೆ ಒಪ್ಪಿದರೆ ಸಾಲದು, ಜನರ ಮತ ಬೇಕು. ಅದರ ಹೆಸರೇ 'ತೆರಿಗೆದಾರರ ಹಕ್ಕುಗಳ ಮಸೂದೆ', ಹೆಸರಿಡುವುದರಲ್ಲಿ ಜಾಣರು. ಇನ್ನೂ ಜಾಣತನ ಎಲ್ಲಿದೆ ಅಂದರೆ, ಮತಪತ್ರದ ಪ್ರಶ್ನೆ ಯಾವ ಮಾತಿನಿಂದ ಶುರುವಾಗಬೇಕು ಅನ್ನುವುದನ್ನೂ ತಿದ್ದುಪಡಿಯಲ್ಲೇ ಬರೆದಿದ್ದಾರೆ. ತೆರಿಗೆ ಹೆಚ್ಚಿಸಬೇಕೇ ಅನ್ನುವುದು ಮೊದಲು, ಜೊತೆಗೆ ವರ್ಷಕ್ಕೆ ಎಷ್ಟು ಡಾಲರ್ ಅನ್ನುವುದು. ಶಾಲೆಗೋ ರಸ್ತೆಗೋ ಅನ್ನುವುದು ಆಮೇಲೆ. ಅದೂ ದೊಡ್ಡಕ್ಷರಗಳಲ್ಲಿ, ಕೂಗಿ ಕೇಳಿದ ಹಾಗೆ. (ನಮ್ಮ ಲಿಪಿಯಲ್ಲಿ ದೊಡ್ಡಕ್ಷರ ಇಲ್ಲ, ಹಾಗಾಗಿ ಆ ಕೂಗು ಹೇಗೂ ಬರುವುದಿಲ್ಲ.)

ಇದನ್ನು ಕನ್ನಡದಲ್ಲಿ ಸಹಜವಾಗಿ ಬರೆದರೆ ಏನಾಗುತ್ತದೆ ನೋಡಿ: "ಶಾಲೆಗಳ ಖರ್ಚಿಗಾಗಿ ರಾಜ್ಯದ ತೆರಿಗೆಯನ್ನು ವರ್ಷಕ್ಕೆ ಇಷ್ಟು ಡಾಲರ್ ಹೆಚ್ಚಿಸಬೇಕೇ?" ನಮ್ಮಲ್ಲಿ ಕ್ರಿಯಾಪದ ಕೊನೆಗೆ. ಹಾಗಾಗಿ ಓದುಗ ಮೊದಲು ಶಾಲೆಯನ್ನು ಕಾಣುತ್ತಾನೆ, ಮಕ್ಕಳು ಕಣ್ಣಮುಂದೆ ಬರುತ್ತಾರೆ, ತೆರಿಗೆ ಆಮೇಲೆ ನಿಧಾನಕ್ಕೆ ಬರುತ್ತದೆ. ಕಾನೂನು ಬರೆದವರು ಏನನ್ನು ತಪ್ಪಿಸಲು ಅಷ್ಟು ಹೆಣಗಿದರೋ ಅದನ್ನು ಕನ್ನಡದ ವಾಕ್ಯರಚನೆ ಸುಮ್ನೆ ಪುಕ್ಕಟೆ ಮಾಡಿಕೊಡುತ್ತದೆ. ಉಳಿಸಿಕೊಳ್ಳಬೇಕಾದರೆ ವಾಕ್ಯವನ್ನು ಮುರಿಯಬೇಕು: "ರಾಜ್ಯದ ತೆರಿಗೆಯನ್ನು ವರ್ಷಕ್ಕೆ ಇಷ್ಟು ಡಾಲರ್ ಹೆಚ್ಚಿಸಬೇಕೇ, ಶಾಲೆಗಳ ಖರ್ಚಿಗೆಂದು?" ಮಾತಿನಲ್ಲಿ ಹೀಗೆ ಹೇಳುತ್ತೇವೆ, ಬರಹದಲ್ಲಿ ಸ್ವಲ್ಪ ಕುಂಟುತ್ತದೆ. ಇಲ್ಲಿ ಕುಂಟಲಿ ಅಂತ ಬಿಟ್ಟಿದ್ದೇನೆ. ನಿಮಗೇನನ್ನಿಸುತ್ತದೆ?

ಆ 'ಬೇಕೇ' ಬಗ್ಗೆಯೂ ಅನುಮಾನ. 'ಹೆಚ್ಚಿಸಬೇಕೇ' ಅಂದಾಗ 'ಇದೆಲ್ಲ ಬೇಕಾ?' ಅನ್ನುವ ದನಿ ಸ್ವಲ್ಪ ಕೇಳಿಸುತ್ತದೆ, ಬಾಯಿಗೆ ತಾನಾಗಿ 'ಬೇಡ' ಬರುತ್ತದೆ. 'ಹೆಚ್ಚಿಸಬಹುದೇ' ಅಂದರೆ ಯಾರೋ ವಿನಯವಾಗಿ ಅಪ್ಪಣೆ ಕೇಳಿದ ಹಾಗೆ, 'ಆಗಲಿ ಬಿಡಿ' ಅನ್ನಿಸುತ್ತದೆ. 'ಹೆಚ್ಚಿಸಲು ನಿಮ್ಮ ಒಪ್ಪಿಗೆ ಇದೆಯೇ' ಎರಡರ ನಡುವೆ ಇದೆ. ನಾನು ಅದರ ಕಡೆಗೆ ವಾಲಿದ್ದೇನೆ.

ಇಷ್ಟೆಲ್ಲ ಯಾಕೆ ತಲೆ ಕೆಡಿಸಿಕೊಳ್ಳಬೇಕು, ಪದ ಬದಲಾದರೆ ಜನ ಬದಲಾಗುತ್ತಾರಾ ಅಂತ ಕೇಳಬಹುದು. ಆಗುತ್ತಾರೆ. ಅಮೆರಿಕದ ಜನರ ಅಭಿಪ್ರಾಯಗಳನ್ನು ಕೇಳುತ್ತಾ ಬಂದಿರುವ 'ಜನರಲ್ ಸೋಷಿಯಲ್ ಸರ್ವೆ' ಅನ್ನುವ ಸಮೀಕ್ಷೆಯಲ್ಲಿ 1980ರ ದಶಕದಿಂದ ಒಂದೇ ಪ್ರಶ್ನೆಯನ್ನು ಎರಡು ಪದಗಳಲ್ಲಿ ಕೇಳುತ್ತಾ ಬಂದಿದ್ದಾರೆ. 'ವೆಲ್‌ಫೇರ್' ಮೇಲೆ ಸರ್ಕಾರ ಸಾಕಷ್ಟು ಖರ್ಚು ಮಾಡುತ್ತಿದೆಯಾ ಅಂದರೆ ಜಾಸ್ತಿಯೇ ಆಯಿತು ಅನ್ನುವವರು ಬಹಳ. ಅದನ್ನೇ 'ಬಡವರಿಗೆ ನೆರವು' ಅಂತ ಕೇಳಿದರೆ ಸಾಲದು, ಇನ್ನೂ ಮಾಡಬೇಕು ಅನ್ನುವವರು ಬಹಳ. ಈ ಸಂಗತಿಯನ್ನು ಅನುವಾದಿಸಲು ಹೋಗಿ ನಾನು ಹಳ್ಳಕ್ಕೆ ಬಿದ್ದೆ. 'ವೆಲ್‌ಫೇರ್' ಅಂದರೆ ನಿಘಂಟಿನಲ್ಲಿ 'ಕಲ್ಯಾಣ'. ಕನ್ನಡದಲ್ಲಿ ಕಲ್ಯಾಣ ಮಂಗಳದ ಪದ, ಮದುವೆಗೂ ಅದೇ, ಮಹಿಳಾ ಮತ್ತು ಮಕ್ಕಳ ಕಲ್ಯಾಣಕ್ಕೂ ಅದೇ. ಅಲ್ಲಿ ಮುಖ ಸಿಂಡರಿಸುವ ಪದ ಇಲ್ಲಿ ಕುಂಕುಮ ಇಟ್ಟುಕೊಂಡು ಬರುತ್ತದೆ. ಪ್ರಯೋಗದ ಅರ್ಥವೇ ತಲೆಕೆಳಗು. ಆ ತಾತ್ಸಾರ ಬರಬೇಕಾದರೆ 'ಬಿಟ್ಟಿ ದುಡ್ಡು' ಅನ್ನಬೇಕಾಗುತ್ತದೆ, ಅದು ಮತ್ತೆ ಅತಿಯಾಯಿತು.

ಬಿಟ್ಟಿಯ ಮಾತು ಬಂತು, ಒಂದು ಚೂರು ದಾರಿ ತಪ್ಪುತ್ತೇನೆ. ಈ ಪದ ಸಂಸ್ಕೃತದ 'ವಿಷ್ಟಿ'ಯಿಂದ ಬಂದದ್ದು. ಹಿಂದೆ ಅದೇ ಒಂದು ಬಗೆಯ ತೆರಿಗೆ, ಪ್ರಜೆಗಳು ಆಳುವವರಿಗೆ ಕೂಲಿ ಇಲ್ಲದೆ ಮಾಡಿಕೊಡಬೇಕಾದ ದುಡಿಮೆ. 'ಬಿಟ್ಟಿ ಚಾಕರಿ'ಯಲ್ಲಿ ಅದರ ನೆರಳು ಇನ್ನೂ ಇದೆ. ಜನ ಸರ್ಕಾರಕ್ಕೆ ಪುಕ್ಕಟೆ ಕೊಟ್ಟದ್ದರ ಹೆಸರು ಈಗ ಸರ್ಕಾರ ಜನಕ್ಕೆ ಪುಕ್ಕಟೆ ಕೊಟ್ಟದ್ದಕ್ಕೆ ಬೈಗುಳವಾಗಿ ತಿರುಗಿದೆ. ಯಾವಾಗ ತಿರುಗಿತು ಅನ್ನುವುದಕ್ಕೆ ಹಳೆಯ ಬಳಕೆಗಳು ಯಾರ ಬಳಿಯಾದರೂ ಇದ್ದರೆ ಕಳಿಸಿ, ಬರಹಕ್ಕೆ ಬೇಕಿಲ್ಲ, ನನ್ನ ಖುಷಿಗೆ.

'ರಾಜ್ಯದ ತೆರಿಗೆ' ಕೂಡ ಇಬ್ಬಂದಿ. ರಾಜ್ಯ ಸರ್ಕಾರ ಹಾಕುವ ತೆರಿಗೆಯೋ, ರಾಜ್ಯದ ಜನರಿಂದ ಕೇಂದ್ರಕ್ಕೆ ಹೋಗುವ ತೆರಿಗೆಯೋ? 2024ರ 'ನನ್ನ ತೆರಿಗೆ ನನ್ನ ಹಕ್ಕು' ಘೋಷಣೆಯ ನಂತರ ಕನ್ನಡದ ಓದುಗರಿಗೆ ಎರಡನೆಯ ಅರ್ಥವೇ ಮೊದಲು ಹೊಳೆಯಬಹುದು. ಹಾಗಾಗಿ 'ರಾಜ್ಯ ಸರ್ಕಾರ ಹಾಕುವ ತೆರಿಗೆ' ಅಂತ ಉದ್ದಕ್ಕೆ ಬರೆಯುತ್ತಿದ್ದೇನೆ.

ಇನ್ನೊಂದು ತಮಾಷೆ. ಅಲ್ಲಿನ ರಾಜ್ಯಗಳು ಒಳ್ಳೆಯ ವರ್ಷಗಳಲ್ಲಿ ಹಣ ಎತ್ತಿಡುವ ಒಂದು ನಿಧಿ ಇದೆ, ಕ್ಯಾಲಿಫೋರ್ನಿಯಾದವರು 2014ರಲ್ಲಿ ಮತ ಹಾಕಿ ಅದನ್ನು ಇನ್ನಷ್ಟು ಗಟ್ಟಿ ಮಾಡಿಕೊಂಡರು. ಅವರ ಆಡುಮಾತಿನಲ್ಲಿ ಅದು 'ಮಳೆಯ ದಿನದ ನಿಧಿ'. ಮಳೆಗೆ ಕಾದು ಕೂರುವ ನಮಗೆ ಮಳೆ ಬಂದರೆ ಹಬ್ಬ, ಕಷ್ಟ ಹೇಗಾಯಿತು? ಇದಕ್ಕೆ 'ಆಪದ್ಧನ' ಅನ್ನುವ ಪದ ಸಿದ್ಧವಾಗಿದೆ, ಹುಡುಕುವ ಕೆಲಸವೇ ಇಲ್ಲ.

ಕೊನೆಯದು 'ಜನಾಭಿಪ್ರಾಯ'. ಕ್ಯಾಲಿಫೋರ್ನಿಯಾದಲ್ಲಿ 1978ರ ಜೂನ್‌ನಲ್ಲಿ 'ಪ್ರಾಪೊಸಿಷನ್ 13' ಅನ್ನುವ, ಜನರ ಮತಕ್ಕೆ ಇಟ್ಟ ಪ್ರಸ್ತಾವಕ್ಕೆ ಸುಮಾರು ಶೇ 65ರಷ್ಟು ಮತ ಬಿತ್ತು. ಆಸ್ತಿ ತೆರಿಗೆಗೆ ಆಸ್ತಿಯ ಬೆಲೆಯ ಶೇ 1ರ ಮಿತಿ ಬಂತು, ತೆರಿಗೆ ಲೆಕ್ಕಕ್ಕೆ ಹಿಡಿಯುವ ಆ ಬೆಲೆ ವರ್ಷಕ್ಕೆ ಶೇ 2ಕ್ಕಿಂತ ಹೆಚ್ಚು ಏರಕೂಡದು ಅಂತಾಯಿತು. ಅದೇ ರಾಜ್ಯ 2012ರಲ್ಲಿ 'ಪ್ರಾಪೊಸಿಷನ್ 30'ಕ್ಕೆ ಸುಮಾರು ಶೇ 55 ಮತ ಕೊಟ್ಟು ಹೆಚ್ಚು ಆದಾಯದವರ ತೆರಿಗೆಯನ್ನೂ ಮಾರಾಟ ತೆರಿಗೆಯನ್ನೂ ಹೆಚ್ಚಿಸಿಕೊಂಡಿತು, ಶಾಲೆಗಳಿಗೆ ಕಡಿತ ಆಗದಿರಲಿ ಅಂತ. ಇದು ಮತ. ಫೋನು ಮಾಡಿ ಕೇಳಿ ತಿಳಿದುಕೊಳ್ಳುವುದು ಬೇರೆ, ಅದು ಸಮೀಕ್ಷೆ. ನಾನು ಎರಡಕ್ಕೂ 'ಜನಮತ' ಅಂತ ಬಳಸಿ ಗೊಂದಲ ಮಾಡಿಕೊಂಡಿದ್ದೆ. ಈಗ ಪೆಟ್ಟಿಗೆಗೆ ಬಿದ್ದದ್ದು 'ಜನಮತ', ಕೇಳಿ ತಿಳಿದದ್ದು 'ಜನಾಭಿಪ್ರಾಯ' ಅಂತ ಗೆರೆ ಹಾಕಿಕೊಂಡಿದ್ದೇನೆ. ಈ ಗೆರೆ ಬೇರೆಯವರೂ ಪಾಲಿಸುತ್ತಾರಾ, ಇಲ್ಲ ನನ್ನದೇ ಹುಚ್ಚಾ?

ಸಮೀಕ್ಷೆಯ ಪ್ರಶ್ನೆಯ ಈಗಿನ ರೂಪ ಇದು: "ರಾಜ್ಯ ಸರ್ಕಾರಕ್ಕೆ ಬರುವ ಹಣಕ್ಕಿಂತ ಖರ್ಚು ಹೆಚ್ಚಾಗಿದೆ. ಎರಡನ್ನೂ ಸಮ ಮಾಡಲು ಮುಖ್ಯವಾಗಿ ತೆರಿಗೆ ಹೆಚ್ಚಿಸುವುದು ಸರಿಯೇ, ಮುಖ್ಯವಾಗಿ ಖರ್ಚು ತಗ್ಗಿಸುವುದು ಸರಿಯೇ, ಎರಡನ್ನೂ ಸ್ವಲ್ಪ ಸ್ವಲ್ಪ ಮಾಡುವುದು ಸರಿಯೇ?" 'ಹೆಚ್ಚಿಸು'ಗೆ ಎದುರಾಗಿ 'ತಗ್ಗಿಸು' ಇಟ್ಟಿದ್ದೇನೆ, 'ಕಡಿತ' ಬಿಟ್ಟೆ, ನಾಯಿ ನೆನಪಾಗುತ್ತದೆ. 'ಖರ್ಚು ಹೆಚ್ಚಾಗಿದೆ' ಅನ್ನುವ ಮೊದಲ ಸಾಲೇ ತಪ್ಪನ್ನು ಖರ್ಚಿನ ಮೇಲೆ ಹೊರಿಸುತ್ತದಾ ಅಂತ ಇವತ್ತು ಬೆಳಿಗ್ಗೆಯಿಂದ ಅನುಮಾನ ಶುರುವಾಗಿದೆ. 'ಖರ್ಚಿಗೆ ಬೇಕಾದಷ್ಟು ಹಣ ಬರುತ್ತಿಲ್ಲ' ಅಂತ ತಿರುಗಿಸಿದರೆ ತಪ್ಪು ಆ ಕಡೆಗೆ ವಾಲುತ್ತದೆ. ಯಾವ ಕಡೆಗೂ ವಾಲದ ಸಾಲು ಯಾರಿಗಾದರೂ ಹೊಳೆದರೆ ಶುಕ್ರವಾರದೊಳಗೆ ಬರೆಯಿರಿ, ಶನಿವಾರ ಬರಹ ಕಳಿಸಬೇಕು.