ಪದಚರ್ಚೆ: “ರ‍್ಯಾಮ್ ತೆಗೆದು ಹಾಕಿ” ಎಂದು ಬರೆದರೆ ಓದಿದವರು ಏನು ಮಾಡುತ್ತಾರೆ?

ಎಲ್ಲರಿಗೂ ನಮಸ್ಕಾರ.

ಪ್ರೌಢಶಾಲೆಗಳ ಕಂಪ್ಯೂಟರ್ ಕೊಠಡಿಗೆಂದು ಒಂದು ಕಿರು ಕೈಪಿಡಿ ಬರೆಯುತ್ತಿದ್ದೇನೆ. ಡೆಸ್ಕ್‌ಟಾಪ್ ಕೆಟ್ಟು ನಿಂತಾಗ, ರಿಪೇರಿಯವರು ಬರುವ ಮೊದಲು ಮೇಷ್ಟ್ರು ಏನೇನು ನೋಡಬಹುದು ಎಂಬುದಷ್ಟೇ ಅದರ ವಿಷಯ. ಹೆಸರುಗಳ ವಿಚಾರದಲ್ಲಿ ನನಗೆ ತೊಡಕಿಲ್ಲ. ರ‍್ಯಾಮ್ (ತಾತ್ಕಾಲಿಕ ನೆನಪಿನ ಪಟ್ಟಿ), ಮದರ್‌ಬೋರ್ಡ್ (ಎಲ್ಲ ಭಾಗಗಳೂ ಸೇರುವ ಮುಖ್ಯ ಹಲಗೆ), ಎಸ್‌ಎಂಪಿಎಸ್ (ಭಾಗಗಳಿಗೆ ವಿದ್ಯುತ್ ಒದಗಿಸುವ ಘಟಕ) ಎಂದೇ ಬರೆದಿದ್ದೇನೆ, ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ಕೇಳಬೇಕಾದದ್ದೂ ಅದನ್ನೇ. ‘ಸಿಪಿಯು’ ಒಂದನ್ನು ಮಾತ್ರ ಕೈಬಿಟ್ಟೆ. ನಮ್ಮಲ್ಲಿ ಇಡೀ ಪೆಟ್ಟಿಗೆಗೇ ಆ ಹೆಸರು ಬಿದ್ದಿರುವುದರಿಂದ, ಪೆಟ್ಟಿಗೆಗೆ ಕ್ಯಾಬಿನೆಟ್, ಒಳಗಿನ ಚಿಪ್ಪಿಗೆ ಪ್ರಾಸೆಸರ್ ಎಂದು ಬೇರೆ ಮಾಡಿದೆ. ನಿಮ್ಮ ನೆರವು ಬೇಕಿರುವುದು ಕ್ರಿಯಾಪದಗಳಿಗೆ. ಓದುವವರ ಕೈ ಓಡುವುದು ಕ್ರಿಯಾಪದದ ಹಿಂದೆ.

ಮೊದಲನೆಯದು, ಶೀರ್ಷಿಕೆಯಲ್ಲಿ ಹೇಳಿದ್ದು. ಫ್ಯಾನ್ ತಿರುಗುತ್ತಿದೆ, ಪರದೆಯಲ್ಲಿ ಏನೂ ಬರುತ್ತಿಲ್ಲ ಅಂದಾಗ ಎಲ್ಲರೂ ಮೊದಲು ಹೇಳುವ ಮಾತು “ಒಂದ್ಸಲ ರ‍್ಯಾಮ್ ತೆಗೆದು ಹಾಕಿ ನೋಡಿ”. ಬಾಯಲ್ಲಿ ಹೇಳುವಾಗ ತೊಂದರೆಯಿಲ್ಲ. ‘ತೆಗೆದು’ ಆದಮೇಲೆ ಒಂದು ಚಿಕ್ಕ ತಡೆ ಇರುತ್ತದೆ, ಜೊತೆಗೆ ಕೈಸನ್ನೆಯೂ ಇರುತ್ತದೆ. ಬರಹದಲ್ಲಿ ಆ ತಡೆಯ ಜಾಗದಲ್ಲಿ ಉಳಿಯುವುದು ಬರೀ ಒಂದು ಖಾಲಿ ಜಾಗ. ಅದು ಅಳಿಸಿತೋ, ‘ತೆಗೆದುಹಾಕಿ’ ಆಯಿತು. ಆಗ ‘ಹಾಕು’ ತನ್ನ ಸ್ವಂತ ಅರ್ಥ ಬಿಟ್ಟು, ತಿಂದುಹಾಕು, ಹರಿದುಹಾಕು, ಕೊಂದುಹಾಕು ಎಂಬಲ್ಲಿರುವ ಸಹಾಯಕ ಕ್ರಿಯಾಪದವಾಗಿಬಿಡುತ್ತದೆ. ಕನ್ನಡದಲ್ಲಿರುವ ಮೊಬೈಲಿನಲ್ಲಿ ‘ತೆಗೆದುಹಾಕಿ’ ಒತ್ತಿದರೆ ಇದ್ದದ್ದು ಹೋಗುತ್ತದೆ. ಆ ಅರ್ಥಕ್ಕೇ ಒಗ್ಗಿದ ಹುಡುಗಿಯೊಬ್ಬಳು ಕೈಪಿಡಿ ಓದಿ ರ‍್ಯಾಮ್ ಕಿತ್ತು ಪಕ್ಕಕ್ಕಿಟ್ಟು ಸ್ವಿಚ್ ಒತ್ತಿದರೆ, ತಪ್ಪು ಅವಳದಲ್ಲ, ಬರೆದವರದು.

ಹಾಗಾಗಿ ‘ಕೂರಿಸು’ ಬಳಸಿದ್ದೇನೆ. ಇದು ನನಗೆ ತುಂಬ ಹಿಡಿಸಿದ ಪದ. ಚೌಕಟ್ಟಿನಲ್ಲಿ ಬಾಗಿಲು ಸರಿಯಾಗಿ ಕೂರಲಿಲ್ಲ ಎಂದು ಬಡಗಿ ಅನ್ನುತ್ತಾನಲ್ಲ, ಅದೇ ಕೂರುವುದು. ಭಾಗವನ್ನು ಬರೀ ಒಳಗೆ ಹಾಕಿದರೆ ಸಾಲದು, ಅದು ತನ್ನ ಜಾಗದಲ್ಲಿ ಬಿಗಿಯಾಗಿ ನಿಲ್ಲಬೇಕು ಎಂಬುದು ಆ ಒಂದೇ ಮಾತಿನಲ್ಲಿ ಬಂತು. ಕೈಪಿಡಿಯಲ್ಲಿ ಬರೆದಿರುವುದು ಹೀಗೆ:

“ವಿದ್ಯುತ್ ವಯರನ್ನು ಪೂರ್ತಿ ಕಿತ್ತಿಡಿ. ಕಂಪ್ಯೂಟರ್ ಆರಿಸಿದ್ದರೂ ವಯರು ಸಿಕ್ಕಿಸಿರುವಷ್ಟು ಹೊತ್ತು ಮದರ್‌ಬೋರ್ಡಿಗೆ 5 ವೋಲ್ಟ್ ಹರಿಯುತ್ತಲೇ ಇರಬಹುದು. ಕಿತ್ತಮೇಲೆ ಪವರ್ ಬಟನ್ನನ್ನು ಕೆಲವು ಕ್ಷಣ ಒತ್ತಿ ಹಿಡಿಯಿರಿ. ರ‍್ಯಾಮ್ ಸಂದಿನ ತುದಿಯ ಕ್ಲಿಪ್ಪನ್ನು ಹೊರಕ್ಕೆ ಬಾಗಿಸಿ. ಕೆಲವು ಬೋರ್ಡುಗಳಲ್ಲಿ ಕ್ಲಿಪ್ ಒಂದೇ ಕಡೆ ಇರುತ್ತದೆ. ರ‍್ಯಾಮನ್ನು ಅಂಚು ಹಿಡಿದು ಎತ್ತಿ. ಅದರ ಕಚ್ಚು ಸಂದಿನ ಉಬ್ಬಿಗೆ ಸರಿಹೊಂದುವಂತೆ ಇಟ್ಟು, ಟಕ್ ಎಂದು ಕ್ಲಿಪ್ ತಾನಾಗಿ ಮುಚ್ಚಿಕೊಳ್ಳುವವರೆಗೆ ಒತ್ತಿ ಕೂರಿಸಿ.”

ಇಲ್ಲಿ ‘ಕಚ್ಚು’ ಎಲ್ಲ ಕಡೆ ತಿಳಿಯುತ್ತದೆಯೇ? ಅಂಚಿನಲ್ಲಿ ಕೊರೆದ ಸಣ್ಣ ತೆರಪಿಗೆ ಮರಗೆಲಸದವರು ಹೇಳುವ ಮಾತು ಅದು. ಬರೀ ಹಲ್ಲಿನಿಂದ ಕಚ್ಚುವುದು ನೆನಪಾಗುವಂತಿದ್ದರೆ ಬೇರೆ ಪದ ಹೇಳಿ.

ಎರಡನೆಯದು ‘ಆನ್ ಆಗ್ತಿಲ್ಲ’. ಶಾಲೆಗಳಿಂದ ಬರುವ ದೂರಿನಲ್ಲಿ ಇದೇ ಹೆಚ್ಚು, ಇದರಿಂದ ತಿಳಿಯುವುದು ಮಾತ್ರ ಬಹಳ ಕಡಿಮೆ. ಫ್ಯಾನೇ ಅಲುಗಾಡದಿದ್ದರೆ ವಯರು, ಪ್ಲಗ್ಗು, ಎಸ್‌ಎಂಪಿಎಸ್ ಕಡೆ ನೋಡಬೇಕು. ಫ್ಯಾನ್ ತಿರುಗಿಯೂ ಪರದೆ ಕಪ್ಪಾಗಿದ್ದರೆ ಮಾನಿಟರಿನ ಕೇಬಲ್ಲು, ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್ ಕಡೆ. ರಿಪೇರಿಯವರು ಮೊದಲನೆಯದಕ್ಕೆ ‘ಪವರ್ ಇಲ್ಲ’, ಎರಡನೆಯದಕ್ಕೆ ‘ಡಿಸ್‌ಪ್ಲೇ ಇಲ್ಲ’ ಎಂದು ಸ್ಪಷ್ಟವಾಗಿ ಬೇರೆ ಮಾಡುತ್ತಾರೆ. ಧಾರವಾಡದ ಕಡೆ ‘ಚಾಲೂ ಆಗವಲ್ದು’ ಅನ್ನುವುದು ಎರಡಕ್ಕೂ ಸೇರಿಯೋ, ಒಂದಕ್ಕೇ ಮೀಸಲೋ? ದೀಪಕ್ಕೆ ಹೇಳುವ ‘ಹತ್ತು’ ಅನ್ನು ಪರದೆಗೂ ಹೇಳುತ್ತೀರಾ? ಹಾಗಿದ್ದರೆ ‘ಫ್ಯಾನ್ ತಿರುಗತೈತಿ, ಪರದೆ ಹತ್ತವಲ್ದು’ ಎಂಬಂಥ ಮಾತು ಎಲ್ಲವನ್ನೂ ಹೇಳಿಬಿಡುತ್ತದೆ.

ಇದರ ಪಕ್ಕದಲ್ಲೇ ‘ಸುಟ್ಟುಹೋಗಿದೆ’ ಇದೆ. ಯಾವ ಭಾಗ ಕೈಕೊಟ್ಟರೂ ಈ ಮಾತು ಬರುತ್ತದೆ. ಕರಕಲು ವಾಸನೆ, ಕಪ್ಪು ಕಲೆ ಕಂಡಲ್ಲಿ ಮಾತ್ರ ಇದನ್ನಿಟ್ಟು, ಉಳಿದೆಡೆ ‘ಕೆಲಸ ಮಾಡುತ್ತಿಲ್ಲ’ ಅಂದಿದ್ದೇನೆ. ಸುಟ್ಟಿದೆ ಅಂದಕೂಡಲೇ ಹೊಸದು ಕೊಳ್ಳುವ ಮಾತು ಶುರುವಾಗುತ್ತದೆ. ನಿಜಕ್ಕೂ ಬೇಕಿದ್ದದ್ದು ಧೂಳು ಒರೆಸುವುದಷ್ಟೇ ಆಗಿರಬಹುದು. ತಾರೀಖು, ಸಮಯ ದಿನವೂ ಹಿಂದಕ್ಕೆ ಹೋಗುತ್ತಿದ್ದರೆ ಹೆಚ್ಚಿನ ಪಾಲು ಸಿಆರ್ 2032 ಎಂಬ 3 ವೋಲ್ಟಿನ ಬಿಲ್ಲೆ ಸೆಲ್ ಬದಲಿಸಿದರೆ ಮುಗಿಯಿತು.

ಬೀಪ್ ಸದ್ದಿನ ವಿಚಾರ ಇಲ್ಲಿನ ಛಂದಸ್ಸು ಬಲ್ಲವರಿಗೆ. ಕೆಲವು ಮದರ್‌ಬೋರ್ಡುಗಳು ದೋಷವನ್ನು ಉದ್ದ, ಗಿಡ್ಡ ಸದ್ದುಗಳಲ್ಲಿ ತಿಳಿಸುತ್ತವೆ. ಅವಾರ್ಡ್ ಕಂಪನಿಯ ಬಯೋಸ್ (ಕಂಪ್ಯೂಟರ್ ಆನ್ ಆದಕೂಡಲೇ ಮೊದಲು ಓಡುವ ತಂತ್ರಾಂಶ) ಇದ್ದರೆ ಒಂದು ಉದ್ದ, ಎರಡು ಗಿಡ್ಡ ಎಂದರೆ ಗ್ರಾಫಿಕ್ಸ್ ತೊಂದರೆ. ಬೇರೆ ಕಂಪನಿಯ ಬಯೋಸ್‌ನಲ್ಲಿ ಲೆಕ್ಕವೇ ಬೇರೆ. ಆ ಒಂದು ಉದ್ದ, ಎರಡು ಗಿಡ್ಡ ಛಂದಸ್ಸಿನಲ್ಲಿ ಗುರು, ಲಘು, ಲಘು, ಅಂದರೆ ಭಗಣ. ಪ್ರೌಢಶಾಲೆಯ ಮಕ್ಕಳು ಪ್ರಸ್ತಾರ ಹಾಕಲು ಕಲಿತವರೇ ಆದ್ದರಿಂದ ಬೀಪ್‌ಗಳನ್ನು ಅದೇ ಗುರುತಿನಲ್ಲಿ ಬರೆಯಬೇಕೆಂದಿದ್ದೇನೆ. ಆಕ್ಷೇಪವಿದ್ದರೆ ಈಗಲೇ ತಿಳಿಸಿ.

ಉಳಿದದ್ದು ಕೈಪಿಡಿಯ ಹೆಸರು. ‘ದೋಷನಿವಾರಣೆ’ ಅಂದರೆ ಕುಜದೋಷ, ಸರ್ಪದೋಷ ನೆನಪಾಗುತ್ತದೆ. ಅದಕ್ಕಿಂತ ದೊಡ್ಡ ಕೊರತೆ, ನಿವಾರಣೆ ಕೊನೆಯ ಹಂತ. ಕೈಪಿಡಿಯ ಮುಕ್ಕಾಲು ಪಾಲು ಒಂದೊಂದನ್ನೇ ಬದಲಿಸಿ ನೋಡುತ್ತ, ‘ಇದಲ್ಲ, ಇದಲ್ಲ’ ಎಂದು ದೋಷದ ಜಾಗಕ್ಕೆ ತಲುಪುವುದರ ಬಗ್ಗೆ ಇದೆ. ಆಯುರ್ವೇದದ ‘ನಿದಾನ’ ಅರ್ಥದಲ್ಲಿ ಅಚ್ಚುಕಟ್ಟಾಗಿ ಹೊಂದುತ್ತದೆ, ಆದರೆ ಮಾತಿನಲ್ಲಿ ಅದಕ್ಕೂ ‘ನಿಧಾನ’ಕ್ಕೂ ವ್ಯತ್ಯಾಸ ಉಳಿದಿಲ್ಲ. ‘ಕಂಪ್ಯೂಟರ್ ನಿದಾನ’ ಅಂದರೆ ಅದೇ ಒಂದು ದೂರಾಗುತ್ತದೆ. ಸದ್ಯಕ್ಕೆ ‘ಕಂಪ್ಯೂಟರ್ ಎಲ್ಲಿ ಕೆಟ್ಟಿದೆ? ಹುಡುಕುವ ಬಗೆ’ ಎಂದಿಟ್ಟಿದ್ದೇನೆ. ಇದಕ್ಕಿಂತ ಚುಟುಕಾದದ್ದು ಪಂಪ್‌ಸೆಟ್, ಮೋಟಾರು ರಿಪೇರಿಯವರ ಬಾಯಲ್ಲಿ ಇರಬಹುದು. ಕೇಳಿದವರು ದಯವಿಟ್ಟು ಊರಿನ ಹೆಸರು, ಆ ಪದ ಬಂದ ವಾಕ್ಯ ಎರಡನ್ನೂ ಸೇರಿಸಿ ಬರೆಯಿರಿ.