ಸಹಾಯ ಬೇಕು: ಎಡವಿ ಬೀಳುವ ನಾಯಕಿಯರಿರುವ ಕಾದಂಬರಿಗಳು

ಕಾರವಾರದಲ್ಲಿ ಪಿಯುಸಿ ಓದುತ್ತಿರುವ ನನ್ನ ತಂಗಿಯ ಮಗಳು ಮೆಚ್ಚಿನ ಧಾರಾವಾಹಿಯೊಂದರ ಪಾತ್ರಗಳ ನಡುವೆ ತನ್ನದೇ ನಾಯಕಿಯನ್ನು ತಂದು ಕಥೆ ಬರೆಯುತ್ತಿದ್ದಾಳೆ. ಈ ನಾಯಕಿ ಹದಿನಾರಕ್ಕೇ ವೈದ್ಯೆ, ಯಕ್ಷಗಾನದಲ್ಲಿ ಭಾಗವತಿಕೆಯೂ ಬಲ್ಲವಳು. ತುಂಬಿ ಹರಿಯುವ ಕಾಳಿ ನದಿಯನ್ನು ಈಜಿ ದಾಟಿದರೂ ಮುಡಿದ ಮಲ್ಲಿಗೆಯ ಒಂದೆಸಳೂ ಉದುರುವುದಿಲ್ಲ! ಖಳನಾಯಕನಂತೂ ಮೂರನೆಯ ಅಧ್ಯಾಯಕ್ಕೇ ಕಾಲಿಗೆ ಬೀಳುತ್ತಾನೆ.

1973ರಲ್ಲಿ ಅಮೆರಿಕದ ಪೌಲಾ ಸ್ಮಿತ್ ‘ಸ್ಟಾರ್ ಟ್ರೆಕ್’ ಎಂಬ ಬಾಹ್ಯಾಕಾಶ ಧಾರಾವಾಹಿಯ ಅಭಿಮಾನಿಗಳು ಬರೆಯುತ್ತಿದ್ದ ಇಂಥ ಕಥೆಗಳನ್ನೇ ಅಣಕಿಸಲು, ಹದಿನೈದೂವರೆ ವರ್ಷದ ಲೆಫ್ಟಿನೆಂಟ್ ಮೇರಿ ಸ್ಯೂ ಎಂಬ ಪಾತ್ರವನ್ನು ಸೃಷ್ಟಿಸಿದ್ದರು. ಅದನ್ನು ತೋರಿಸಿದರೆ ಹುಡುಗಿ ಲೇಖನಿಯನ್ನೇ ಕೆಳಗಿಟ್ಟಾಳು. ನಮ್ಮ ಕಥೆಗಳ ಸರ್ವಗುಣಸಂಪನ್ನ ಗಂಡು ನಾಯಕರಿಗೆ ಇಷ್ಟು ಲೇವಡಿ ಆಗುವುದಿಲ್ಲ, ಅದು ಬೇರೆ ಮಾತು.

ಸಿಟ್ಟು, ಹೊಟ್ಟೆಕಿಚ್ಚು, ಸೋಲು ಎಲ್ಲವೂ ಇರುವ ನಾಯಕಿಯರ ಕನ್ನಡ ಕಾದಂಬರಿಗಳನ್ನು ದಯವಿಟ್ಟು ಸೂಚಿಸಿ. ಕಾರವಾರ, ಅಂಕೋಲಾ ಕಡೆ ಯಾರ ಬಳಿಯಾದರೂ ಪ್ರತಿಯಿದ್ದರೆ ನಾನೇ ಬಂದು ಒಯ್ಯುತ್ತೇನೆ, ಜೋಪಾನವಾಗಿ ಮರಳಿಸುತ್ತೇನೆ.