1943ರ ಇಶಾಪುರ ರೈಫಲ್: ಮರ ಉಜ್ಜಲೇ?

ಪ್ರಶ್ನೆ: ಟೆಕ್ಸಾಸ್‌ನಲ್ಲಿದ್ದೇನೆ. ಹಳೆಯ ಲೀ-ಎನ್‌ಫೀಲ್ಡ್ .303, ಅಂದರೆ ಬ್ರಿಟಿಷ್ ಸೈನ್ಯದ ರೈಫಲ್ ಕೊಂಡೆ. ಮೇಲೆ ‘ಜಿಆರ್‌ಐ (ಬ್ರಿಟಿಷ್ ದೊರೆಯ ಮುದ್ರೆ), ಇಶಾಪುರ, 1943’ ಎಂದಿದೆ. ಬಂಗಾಳದ ಕಾರ್ಖಾನೆಯದು ಇಲ್ಲಿ ಸಿಕ್ಕಿತಲ್ಲ ಅಂತ ಖುಷಿ! ಆದರೆ ಮರವೆಲ್ಲ ಕಪ್ಪು ಜಿಡ್ಡು. ಸ್ಯಾಂಡ್‌ಪೇಪರ್ ಹಾಕಿ ವಾರ್ನಿಶ್ ಹೊಡೆಯಲೇ?

ಉತ್ತರ 1: ಬೇಡ ಮಾರಾಯ್ರೇ! ನನ್ನ ಮೊದಲ ರೈಫಲ್‌ಗೆ ನಾನು ಅದೇ ಮಾಡಿದೆ. ಮರದ ಮೇಲಿನ ಮುದ್ರೆಗಳೆಲ್ಲ ಹೋದವು. ಈಗ ನೋಡಿದರೆ ಅಂಗಡಿಯ ಹೊಸ ಕುರ್ಚಿ ಕಾಲಿನ ಹಾಗಿದೆ. ಗುಂಡು ಇಲ್ಲ ಅಂತ ಎರಡು ಸಲ ನೋಡಿ, ಮರದ ಭಾಗ ಬಿಚ್ಚಿ. ಮಿನರಲ್ ಸ್ಪಿರಿಟ್ಸ್‌ನಲ್ಲಿ (ಪೇಂಟ್ ತೆಳುಮಾಡುವ ದ್ರವ) ಬಟ್ಟೆ ಅದ್ದಿ ಜಿಡ್ಡು ಒರೆಸಿ. ತಗ್ಗು ಬಿದ್ದಲ್ಲಿ ಒದ್ದೆ ಬಟ್ಟೆ ಇಟ್ಟು ಇಸ್ತ್ರಿಪೆಟ್ಟಿಗೆ ಒತ್ತಿ. ಆವಿಗೆ ಮರ ಉಬ್ಬುತ್ತದೆ. ಆಮೇಲೆ ಅಗಸೆ ಎಣ್ಣೆ, ತೆಳುವಾಗಿ, ಕೈಯಲ್ಲೇ ತಿಕ್ಕಿ. ಸೈನ್ಯದಲ್ಲೂ ಅದನ್ನೇ ಹಚ್ಚುತ್ತಿದ್ದರು. ವಾರ್ನಿಶ್ ಸುಮ್ನೆ ದಂಡ.

ಉತ್ತರ 2: ಎಣ್ಣೆ ಬಟ್ಟೆ ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿಯೇ ಬೆಂಕಿ ಹತ್ತಬಹುದು. ಹೊರಗೆ ಹರಡಿ ಒಣಗಿಸಿ. ಮ್ಯಾಗಜೀನ್ (ಗುಂಡು ತುಂಬುವ ಪೆಟ್ಟಿಗೆ) ಮುಂದೆ ಮರಕ್ಕೆ ಅಡ್ಡ ಸ್ಕ್ರೂ ಇದ್ದರೆ ತೆಗೆಯಬೇಡಿ, ಮರ ಸೀಳದಿರಲಿ ಅಂತ ಹಾಕಿದ್ದು.

ಪ್ರಶ್ನೆ ಕೇಳಿದವರು: ಸ್ಕ್ರೂ ಇದೆ! ಯಾರೋ ಆಮೇಲೆ ಹೊಡೆದದ್ದು ಅಂದುಕೊಂಡಿದ್ದೆ. ಹಾರಿಸಬಹುದಾ?

ಉತ್ತರ 1: ಗನ್‌ಸ್ಮಿತ್ (ಬಂದೂಕು ರಿಪೇರಿ ಮಾಡುವವರು) ಹೆಡ್‌ಸ್ಪೇಸ್, ಅಂದರೆ ಬೋಲ್ಟ್ ಮುಚ್ಚಿದಾಗ ಒಳಗೆ ಗುಂಡಿಗೆ ಉಳಿಯುವ ಜಾಗ, ಅಳೆದ ಮೇಲೆ ಮಾತ್ರ.